ನಾಲ್ಕು ಮನೆಗೆ ಒಂದು ಬಾವಿ

ಶೇವಂತಿ ಹರಿಕಂತ್ರ ತಂದ ಕ್ಯಾಸೆಟ್ಟಿಗೆ
ಡಾಂಬರಗುಳಿಗೆಯ ವಾಸನೆ, ಒಳಗೆ ಬಿಳಿ ಬೂಸ್ಟು.
ಒಂದೆರಡಲ್ಲ, ಮೂವತ್ತು ಮಳೆಗಾಲದ್ದು.
ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆ ಹಿಡಿದು, ಸುರುಳಿ ತಿರುಗಿಸಿ ತಿರುಗಿಸಿ ಒರೆಸಿದೆ,
ಕೋಡಿಬಾಗದ ನನ್ನ ಅಂಗಡಿಯಲ್ಲಿ, ಶಟರು ಅರ್ಧ ಇಳಿಸಿ,
ಕಾಳಿ ಸಮುದ್ರ ಸೇರುವ ಕಡೆಯಿಂದ ಬರುವ ಉಪ್ಪುಗಾಳಿ
ಯಂತ್ರದ ತಲೆಗೆ ತಾಗದ ಹಾಗೆ.

ಲೇಬಲ್ಲಿನ ಮೇಲೆ ನನ್ನದೇ ಅಕ್ಷರ:
ಬೈತಖೋಲ. ಹೊಸ ಬೋಟು. ತೊಂಬತ್ತೆರಡು.
ಆಗ ನನಗೆ ಹತ್ತೊಂಬತ್ತು. ಕ್ಯಾಮೆರಾ ಸೋದರಮಾವನದು,
ಬೆದರಿಕೆಯೂ ಅವನದೇ: ಬಿದ್ದರೆ ನೀನೂ ಬಿದ್ದೆ ಅಂತ ತಿಳಕೋ.

"ಸಣ್ಣದು ಮಾಡಿಕೊಡಿ," ಅಂದಳು ಶೇವಂತಿ,
"ಮಲ್ಪೆ, ರತ್ನಾಗಿರಿ, ಎಲ್ಲರ ಫೋನಿಗೂ ಹೋಗಬೇಕು.
ಆಯಿಗೂ ತೋರಿಸಬೇಕು.
ಅಕ್ಕ ನಡೆದಾಡೋದು ಇದೊಂದರಲ್ಲೇ."

ಪರದೆ ಕೇಳುತ್ತದೆ: ಬಣ್ಣ ಎಷ್ಟು ಉಳಿಸಲಿ?
ನಾಲ್ಕು-ಎರಡು-ಎರಡೋ, ನಾಲ್ಕು-ಎರಡು-ಸೊನ್ನೆಯೋ.
ಮಗ್ಗಿ ತಪ್ಪಿದ ಹುಡುಗನ ಬಾಯಲ್ಲಿ ಬರುವಂಥ ಲೆಕ್ಕ.
ಅವಳಿಗೆ ಹೇಳಿದೆ: ಬೆಳಕು ಪ್ರತಿ ಚುಕ್ಕಿಗೂ ಅದರದ್ದೇ,
ಮನೆಮನೆಗೂ ದೀಪ ಇದ್ದ ಹಾಗೆ.
ಬಣ್ಣ ಮಾತ್ರ ಬಾವಿನೀರು.
ಎರಡು ಮನೆಗೆ ಒಂದು ಬಾವಿಯಾದರೆ ಫೈಲು ದೊಡ್ಡದು,
ನಾಲ್ಕು ಮನೆಗೆ ಒಂದಾದರೆ ಸಣ್ಣದು.
ಕಣ್ಣು ಕತ್ತಲೆ ಬೆಳಕಿಗೆ ಚುರುಕು, ಬಣ್ಣಕ್ಕೆ ಸೋಮಾರಿ,
ಕದ್ದರೂ ಅದಕ್ಕೆ ಗೊತ್ತಾಗುವುದಿಲ್ಲ.
"ಹಾಗಾದರೆ ಕದಿಯಿರಿ," ನಕ್ಕಳು.

ಮೊದಲಿಗೆ ಕದಿಯಲಿಲ್ಲ.
ಟೇಪೇ ಅರ್ಧ ಮರೆತಿತ್ತು. ಬೋಟಿನ ಕೆಂಪು
ಹಲಗೆ ದಾಟಿ, ಒಂದು ಬೆರಳು ಬಲಕ್ಕೆ ಜಾರಿ
ನೀರಿನ ಮೇಲೆ ನಿಂತಿತ್ತು,
ಮುರುಗಲ ರಸ ಚೆಲ್ಲಿದ ಪಂಚೆಯ ಹಾಗೆ.
ಇರುವುದೇ ಇಷ್ಟು, ಇದರಲ್ಲೂ ಪಾಲು ಕೇಳಿದರೆ?
ಗೆರೆ ಬಿಟ್ಟು ಗೆರೆ ಹೆಣೆದ ಚಾಪೆ ಈ ಚಿತ್ರ;
ಮೇಲಿನ ಗೆರೆಯ ಬಣ್ಣ ಕೆಳಗಿನದಕ್ಕೆ ಕಲಸಿದರೆ
ಅಡ್ಡಕ್ಕೆ ತೆಳ್ಳಗಿದ್ದದ್ದು ಎಲ್ಲಕ್ಕಿಂತ ಮೊದಲು ಹೋಗುತ್ತದೆ.

ತೆಳ್ಳಗಿದ್ದದ್ದು ಒಂದಿತ್ತು.
ಹನ್ನೊಂದನೇ ನಿಮಿಷ. ಕಾಯಿ ಒಡೆದ ಸದ್ದು, ಜನ ಹೋ ಎಂದದ್ದು.
ಹಿಂದೆ, ಬಲೆಯ ರಾಶಿಯ ಪಕ್ಕ, ಅಕ್ಕ ಎಡಕ್ಕೆ ತಿರುಗುತ್ತಾಳೆ.
ಜಡೆಯ ಬುಡದಲ್ಲಿ ಕೇಸರಿ ಎಳೆ, ನಾಲ್ಕೈದು ಗೆರೆಯಷ್ಟೇ,
ಎರಡು ಸೆಕೆಂಡು.
ಅಷ್ಟರಲ್ಲಿ ಆ ಹತ್ತೊಂಬತ್ತರವನು
ಕ್ಯಾಮೆರಾ ಬೋಟಿನ ಕಡೆ ಹೊರಳಿಸಿದ್ದ.
ದುಡ್ಡು ಕೊಟ್ಟದ್ದು ಬೋಟಿಗೆ.

"ಅಬ್ಬಲಿಗೆ ದಂಡೆ ಅದು," ಅನ್ನುತ್ತಾಳಂತೆ ಆಯಿ ಈಗಲೂ,
"ನಾನೇ ಕಟ್ಟಿ ಮುಡಿಸಿದ್ದೆ ಆ ಬೆಳಿಗ್ಗೆ."

ದೊಡ್ಡ ಫೈಲು ತೆರೆದು ಅಲ್ಲಿಗೆ ನಿಲ್ಲಿಸಿದೆ.
ಪರದೆಗೆ ಮೂಗು ತಾಗುವಷ್ಟು ಬಾಗಿದಳು ಶೇವಂತಿ.
ಕೇಸರಿಯ ಅಂಚು ನೆಟ್ಟಗಿತ್ತು.
ಹೂವಿನ ದಂಡೆಗೆ ಅಷ್ಟು ಶಿಸ್ತು ಇರುವುದಿಲ್ಲ.
ಕೆಳಗೆ ಒಂದು ತುದಿ ಜೋತುಬಿದ್ದಿತ್ತು, ಕತ್ತರಿಸಿದ್ದು.
"ರಿಬ್ಬನ್ನು," ಅಂದಳು. ಸ್ವಲ್ಪ ಹೊತ್ತಾದ ಮೇಲೆ,
"ನಂದೇ ರಿಬ್ಬನ್ನು. ಶಾಲೆಯದು.
ಇವಳೇ ಕದ್ದದ್ದು. ಮನೆಯೆಲ್ಲ ಹುಡುಕಿ ಹೊಡೆಸಿಕೊಂಡಿದ್ದೆ."

ಹೊರಗೆ ಮೀನಿನ ಲಾರಿ
ಹೆದ್ದಾರಿಯುದ್ದಕ್ಕೂ ನೀರು ಸುರಿಸುತ್ತ ಹೋಯಿತು.

ಆಮೇಲೆ ಸಣ್ಣದನ್ನು ಮಾಡಿದೆ, ನಾಲ್ಕು-ಎರಡು-ಸೊನ್ನೆ.
ಅದರಲ್ಲಿ ಎಳೆ ಕೂದಲಿಗೆ ಕಲಸಿ
ಕಂದುಗೇಸರಿ ಮಬ್ಬು; ಅಂಚಿಲ್ಲ, ತುದಿಯಿಲ್ಲ.
ಹೂವು ಅಂದರೆ ಹೂವು.
ಎರಡು ಸಲ ನೋಡಿದಳು. "ಇದು ಆಯಿಗೆ," ಅಂದಳು.

ದೊಡ್ಡದಕ್ಕೆ ಅವಳ ಪೆನ್‌ಡ್ರೈವಿನಲ್ಲಿ ಜಾಗ ಸಾಲಲಿಲ್ಲ.
ನನ್ನ ಡಿಸ್ಕಿನಲ್ಲೇ ಇದೆ. ಹೆಸರು ಕೊಡಬೇಕಿತ್ತು,
ಅಕ್ಕನ ಹೆಸರು ಕೇಳಲು ಮರೆತಿದ್ದೆ.
ರಿಬ್ಬನ್ ಅಂತ ಬರೆದಿಟ್ಟಿದ್ದೇನೆ.